ಹಳೆಯ ಬ್ರೌಸರೂ ಅವಧಿ ಮೀರಿದ ಮೂಲಮುದ್ರೆಯೂ

ಅಪರಿಚಿತನೊಬ್ಬನು ಮನೆಯ ಬಾಗಿಲಿಗೆ ಬಂದು, ತಾನು ವಿದ್ಯುತ್ತಿನ ಕಚೇರಿಯವನೆಂದೂ ಮೀಟರನ್ನು ನೋಡಬೇಕೆಂದೂ ಹೇಳಿದರೆ ನಾವು ಅವನ ಗುರುತಿನ ಚೀಟಿಯನ್ನು ಕೇಳುತ್ತೇವೆ. ಚೀಟಿಯಲ್ಲಿ ಅವನ ಹೆಸರೂ ಭಾವಚಿತ್ರವೂ ಇದ್ದ ಮಾತ್ರಕ್ಕೆ ನಮಗೆ ಸಮಾಧಾನವಾಗುವುದಿಲ್ಲ. ಅದನ್ನು ಕೊಟ್ಟವರು ಯಾರು, ಅದರ ಮೇಲಿನ ಮೊಹರು ನಾವು ಬಲ್ಲ ಮೊಹರೇ, ಚೀಟಿಯ ಅವಧಿ ಇನ್ನೂ ಉಳಿದಿದೆಯೇ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ದೊರೆತ ಮೇಲೆಯೇ ಅವನನ್ನು ಒಳಕ್ಕೆ ಬಿಡುತ್ತೇವೆ. ಅಂತರಜಾಲದಲ್ಲಿ ನಾವು ಯಾವುದಾದರೊಂದು ಜಾಲತಾಣವನ್ನು ತೆರೆಯುವಾಗ, ಬ್ರೌಸರು ನಮ್ಮ ಪರವಾಗಿ ಈ ಮೂರು ಪ್ರಶ್ನೆಗಳನ್ನೇ ಕೇಳುತ್ತದೆ. ಉತ್ತರಗಳು ಸರಿಯಾಗಿದ್ದರೆ ನಮಗೆ ಏನೂ ತಿಳಿಯುವುದಿಲ್ಲ, ಪುಟವು ತೆರೆದುಕೊಳ್ಳುತ್ತದೆ. ಸರಿಯಾಗಿಲ್ಲದಿದ್ದರೆ ಪುಟಕ್ಕೆ ಬದಲಾಗಿ ಒಂದು ಎಚ್ಚರಿಕೆಯ ಫಲಕವು ಎದುರಿಗೆ ನಿಲ್ಲುತ್ತದೆ.

ಬೆಂಗಳೂರಿನ ಪಶ್ಚಿಮದಲ್ಲಿರುವ ಮಲ್ಲತ್ತಹಳ್ಳಿಯನ್ನೇ ತೆಗೆದುಕೊಳ್ಳೋಣ. ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯವು ಇಲ್ಲಿದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವು ಹತ್ತಿರದಲ್ಲಿಯೇ ಇದೆ. ಇಂತಹ ಬಡಾವಣೆಯಲ್ಲಿ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಅವರಲ್ಲಿ ಎಲ್ಲರ ಕೈಯಲ್ಲಿಯೂ ಹೊಸ ಯಂತ್ರವಿರುತ್ತದೆಂದು ಹೇಳುವಂತಿಲ್ಲ. ಅಣ್ಣನು ಬಳಸಿ ಬಿಟ್ಟ ಮೊಬೈಲು, ಎರಡನೆಯ ಕೈಯಿಂದ ಕೊಂಡ ಲ್ಯಾಪ್‌ಟಾಪು, ಹತ್ತು ಹನ್ನೆರಡು ವರ್ಷ ದುಡಿದ ಮೇಜಿನ ಗಣಕ, ಇವೇ ಅನೇಕರ ಸಾಧನಗಳು. ಅಂತಹ ಒಬ್ಬ ವಿದ್ಯಾರ್ಥಿನಿಯು ವಿದ್ಯಾರ್ಥಿವೇತನದ ಅರ್ಜಿಯನ್ನು ಸಲ್ಲಿಸಲು ಕಡೆಯ ದಿನ ಕುಳಿತಿದ್ದಾಳೆಂದು ಭಾವಿಸಿ. ನಿನ್ನೆಯವರೆಗೆ ತೆರೆಯುತ್ತಿದ್ದ ತಾಣವು ಇಂದು ತೆರೆಯದೆ, "ಈ ಸಂಪರ್ಕವು ಸುರಕ್ಷಿತವಲ್ಲ, ಪ್ರಮಾಣಪತ್ರದ ಅವಧಿ ಮುಗಿದಿದೆ" ಎಂಬ ಸೂಚನೆ ಕಾಣಿಸಿಕೊಳ್ಳುತ್ತದೆ. ಪಕ್ಕದ ಕೋಣೆಯ ಗೆಳತಿಯ ಹೊಸ ಫೋನಿನಲ್ಲಿ ಅದೇ ತಾಣವು ಯಾವ ತಕರಾರೂ ಇಲ್ಲದೆ ತೆರೆಯುತ್ತದೆ. ಹಾಗಾದರೆ ತಪ್ಪು ತಾಣದ್ದೋ, ಯಂತ್ರದ್ದೋ? ಎಚ್ಚರಿಕೆಯನ್ನು ಲೆಕ್ಕಿಸದೆ ಮುಂದುವರಿಯಬಹುದೇ? ಇವಕ್ಕೆ ಉತ್ತರ ಹೇಳಬೇಕಾದರೆ ಈ ಪ್ರಮಾಣಪತ್ರವೆಂಬುದು ಏನೆಂಬುದನ್ನು ಮೊದಲು ವಿಚಾರ ಮಾಡಬೇಕು.

ಎರಡು ಕೀಲಿಗಳ ಉಪಾಯ

1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಹೊಸದೊಂದು ವಿಚಾರವನ್ನು ಪ್ರಕಟಿಸಿದರು. ಅದರ ಪ್ರಕಾರ ಪ್ರತಿಯೊಬ್ಬನಲ್ಲಿಯೂ ಒಂದಕ್ಕೊಂದು ಸಂಬಂಧಿಸಿದ ಎರಡು ಕೀಲಿಗಳಿರುತ್ತವೆ: ಒಂದು ಗುಪ್ತ, ಇನ್ನೊಂದು ಬಹಿರಂಗ. ಮರುವರ್ಷ, ಎಂದರೆ 1977ರಲ್ಲಿ, ರಿವೆಸ್ಟ್, ಶಮೀರ್ ಮತ್ತು ಏಡಲ್ಮನ್ ಎಂಬ ಮೂವರು ಇದನ್ನು ಕಾರ್ಯರೂಪಕ್ಕೆ ತರುವ ಗಣಿತವನ್ನು ರಚಿಸಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಮಾತ್ರ ಕೊಟ್ಟು ಮೂಲಸಂಖ್ಯೆಗಳನ್ನು ಹುಡುಕೆಂದರೆ ಬಹು ಕಷ್ಟ. ಈ ಕಷ್ಟವೇ ಅವರ ವಿಧಾನಕ್ಕೆ ಬಲ.

ಗುಪ್ತ ಕೀಲಿಯುಳ್ಳವನು ಒಂದು ಬರಹಕ್ಕೆ ಡಿಜಿಟಲ್ ಸಹಿಯನ್ನು ಹಾಕಬಲ್ಲನು. ಬಹಿರಂಗ ಕೀಲಿಯನ್ನು ಬಲ್ಲ ಯಾರು ಬೇಕಾದರೂ ಆ ಸಹಿಯನ್ನು ಪರೀಕ್ಷಿಸಬಹುದು. ಬರಹದಲ್ಲಿ ಒಂದಕ್ಷರ ಬದಲಾಗಿದ್ದರೂ ಸಹಿ ತಾಳೆಯಾಗುವುದಿಲ್ಲ. ಆದರೆ ಇಲ್ಲಿ ಒಂದು ತೊಡಕಿದೆ. ಒಂದು ಬಹಿರಂಗ ಕೀಲಿಯನ್ನು ನಮ್ಮ ಕೈಗಿತ್ತು, "ಇದು ನಿಮ್ಮ ಬ್ಯಾಂಕಿನ ಕೀಲಿ" ಎಂದು ಯಾರಾದರೂ ಹೇಳಿದರೆ, ಅದು ನಿಜವಾಗಿ ಬ್ಯಾಂಕಿನದೇ ಎಂದು ನಂಬುವುದು ಹೇಗೆ? ಇದಕ್ಕಾಗಿಯೇ ಪ್ರಮಾಣಪತ್ರವು ಹುಟ್ಟಿತು. "ಇಂಥ ಹೆಸರಿನ ತಾಣದ ಬಹಿರಂಗ ಕೀಲಿ ಇದು, ಇಂಥ ದಿನದಿಂದ ಇಂಥ ದಿನದವರೆಗೆ ಸಿಂಧು" ಎಂದು ಬರೆದು, ಮೂರನೆಯ ಸಂಸ್ಥೆಯೊಂದು ತನ್ನ ಸಹಿಯನ್ನು ಹಾಕಿಕೊಟ್ಟ ಪತ್ರವೇ ಅದು. ಇದರ ನಮೂನೆಯನ್ನು 1988ರಲ್ಲಿ ಅಂತರರಾಷ್ಟ್ರೀಯವಾಗಿ ಗೊತ್ತುಮಾಡಿದರು, ಎಕ್ಸ್.509 ಎಂಬ ಆ ನಮೂನೆಯೇ ಪರಿಷ್ಕಾರಗೊಂಡು ಇಂದಿಗೂ ಬಳಕೆಯಲ್ಲಿದೆ.

ತಾಮ್ರಶಾಸನದ ಮುದ್ರೆ

ಸಹಿ ಹಾಕಿದ ಸಂಸ್ಥೆಯನ್ನು ನಂಬುವುದು ಹೇಗೆಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಇದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಒಳ್ಳೆಯ ಹೋಲಿಕೆಯುಂಟು. ಅರಸನು ಭೂಮಿಯನ್ನು ದಾನಮಾಡಿದಾಗ ಅದನ್ನು ತಾಮ್ರದ ಹಲಗೆಗಳಲ್ಲಿ ಕೊರೆಯಿಸಿ, ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ಮೇಲೆ ರಾಜಮುದ್ರೆಯನ್ನು ಒತ್ತುತ್ತಿದ್ದರು. ಗಂಗರ ಮುದ್ರೆಯಲ್ಲಿ ಆನೆ, ಚಾಲುಕ್ಯರ ಮುದ್ರೆಯಲ್ಲಿ ವರಾಹ. ವಿಜಯನಗರದ ಅರಸರ ಅನೇಕ ತಾಮ್ರಶಾಸನಗಳ ಕೊನೆಯಲ್ಲಿ ಅರಸನ ಒಪ್ಪವಾಗಿ ಶ್ರೀ ವಿರೂಪಾಕ್ಷ ಎಂಬ ಹೆಸರು ಕನ್ನಡ ಲಿಪಿಯಲ್ಲಿರುತ್ತದೆ. ಊರಿನ ಗೌಡನು ಅಧಿಕಾರಿಯ ಪತ್ರವನ್ನು ನಂಬುವುದು ಅದರ ಮೇಲೆ ಮೇಲಧಿಕಾರಿಯ ಒಪ್ಪವಿದೆಯೆಂದು. ಮೇಲಧಿಕಾರಿಯನ್ನು ನಂಬುವುದು ಅರಸನ ಮುದ್ರೆಯಿದೆಯೆಂದು. ಅರಸನ ಮುದ್ರೆಗೆ ಸಾಕ್ಷಿ ಯಾರು? ಯಾರೂ ಇಲ್ಲ. ಗೌಡನು ಅದನ್ನು ಮೊದಲೇ ಬಲ್ಲನು, ಅಷ್ಟೇ.

ಅಂತರಜಾಲದಲ್ಲಿಯೂ ಹೀಗೆಯೇ. ತಾಣದ ಪತ್ರಕ್ಕೆ ನಡುವಣ ಸಂಸ್ಥೆಯೊಂದು ಸಹಿ ಹಾಕಿರುತ್ತದೆ. ನಡುವಣ ಸಂಸ್ಥೆಯ ಪತ್ರಕ್ಕೆ ಮೂಲಸಂಸ್ಥೆಯು ಸಹಿ ಹಾಕಿರುತ್ತದೆ. ಮೂಲಸಂಸ್ಥೆಯ ಪತ್ರವನ್ನು ರೂಟ್ ಪ್ರಮಾಣಪತ್ರವೆನ್ನುತ್ತಾರೆ. ಅದಕ್ಕೆ ಅದು ತಾನೇ ಸಹಿ ಹಾಕಿಕೊಂಡಿರುತ್ತದೆ. ತನಗೆ ತಾನೇ ಸಾಕ್ಷಿ ನುಡಿದರೆ ಬೆಲೆಯೇನು? ನಿಜಕ್ಕೂ ಬೆಲೆಯಿಲ್ಲ. ಆದುದರಿಂದಲೇ ಬ್ರೌಸರಿನೊಳಗೆ, ಅಥವಾ ಯಂತ್ರದ ಕಾರ್ಯಾಚರಣ ವ್ಯವಸ್ಥೆಯೊಳಗೆ, "ಈ ಮೂಲಸಂಸ್ಥೆಗಳನ್ನು ನಂಬತಕ್ಕದ್ದು" ಎಂಬ ಒಂದು ಪಟ್ಟಿಯನ್ನು ತಯಾರಕರು ಮೊದಲೇ ಇಟ್ಟಿರುತ್ತಾರೆ. ಸರಪಣಿಯು ಈ ಪಟ್ಟಿಯಲ್ಲಿರುವ ಒಂದು ಹೆಸರಿಗೆ ಮುಟ್ಟಿದರೆ ಬ್ರೌಸರು ಒಪ್ಪುತ್ತದೆ, ಮುಟ್ಟದಿದ್ದರೆ ತಡೆಯುತ್ತದೆ.

ಮುದ್ರೆಯೊಂದಿದ್ದರೆ ಸಾಲದೆಂಬುದಕ್ಕೂ ತಾಮ್ರಶಾಸನಗಳೇ ಸಾಕ್ಷಿ. ಗಂಗರ ಹೆಸರಿನಲ್ಲಿ ದೊರೆತ ಹಲವು ಶಾಸನಗಳು ಅನಂತರದ ಕಾಲದವರು ಸೃಷ್ಟಿಸಿದ ಕೂಟಶಾಸನಗಳೆಂದು ಫ್ಲೀಟರು ವಾದಿಸಿದರು. ಎಪಿಗ್ರಾಫಿಯಾ ಕರ್ನಾಟಿಕಾದ ಸಂಪಾದಕರಾದ ರೈಸರು ಅವುಗಳನ್ನು ಸಮರ್ಥಿಸಿದರು. ಲಿಪಿಯ ರೂಪ, ತಿಥಿವಾರಗಳ ಹೊಂದಿಕೆ ಮುಂತಾದುವನ್ನು ಒರೆಗೆ ಹಚ್ಚಿ ವಿದ್ವಾಂಸರು ಬಹುಕಾಲ ಚರ್ಚಿಸಿದರು. ಬ್ರೌಸರಿಗೆ ಅಷ್ಟು ವ್ಯವಧಾನವಿಲ್ಲ. ಅದು ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು. ತೀರ್ಮಾನಕ್ಕೆ ಆಧಾರವೆಲ್ಲವೂ ಆ ಪಟ್ಟಿಯೇ.

ಮುದ್ರೆಗೆ ಅವಧಿ ಏಕೆ?

ರಾಜಮುದ್ರೆಗೆ ಇಷ್ಟು ವರ್ಷವೆಂಬ ಮಿತಿ ಇರಲಿಲ್ಲ. ರೂಟ್ ಪ್ರಮಾಣಪತ್ರಕ್ಕೆ ಮಿತಿಯುಂಟು. ಸಾಮಾನ್ಯವಾಗಿ ಅದು ಇಪ್ಪತ್ತು ಇಪ್ಪತ್ತೈದು ವರ್ಷ. ಇದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಮೊದಲನೆಯದಾಗಿ, ಗುಪ್ತ ಕೀಲಿಯನ್ನು ಎಷ್ಟು ಜೋಪಾನವಾಗಿಟ್ಟರೂ ಕಾಲ ಕಳೆದಂತೆ ಅದು ಬಯಲಾಗುವ ಸಂಭವವು ಹೆಚ್ಚುತ್ತದೆ. ಎರಡನೆಯದಾಗಿ, ಗಣಕಗಳ ಬಲ ಹೆಚ್ಚಿದಂತೆ ನಿನ್ನೆಯ ಗಟ್ಟಿ ಗಣಿತವು ಇಂದು ಸಡಿಲವಾಗುತ್ತದೆ. ಒಂದು ಕಾಲದಲ್ಲಿ 1024 ಬಿಟ್ಟುಗಳ ಕೀಲಿ ಸಾಕೆನ್ನುತ್ತಿದ್ದರು. ಈಗ 2048ಕ್ಕೆ ಕಡಿಮೆಯಾದುದನ್ನು ಒಪ್ಪುವುದಿಲ್ಲ. ಸಹಿಗೆ ಮುಂಚೆ ಬರಹವನ್ನು ಸಂಕ್ಷೇಪಿಸಲು ಬಳಸುತ್ತಿದ್ದ ಎಸ್‌ಎಚ್‌ಎ-1 ಎಂಬ ವಿಧಾನದಲ್ಲಿ, ಬೇರೆ ಬೇರೆಯಾದ ಎರಡು ಕಡತಗಳಿಗೆ ಒಂದೇ ಸಂಕ್ಷೇಪ ಬರುವಂತೆ ಮಾಡಬಹುದೆಂದು 2017ರಲ್ಲಿ ಆಮ್‌ಸ್ಟರ್‌ಡಾಮಿನ ಒಂದು ಸಂಶೋಧನಾಲಯವೂ ಗೂಗಲ್ ಸಂಸ್ಥೆಯೂ ಕೂಡಿ ತೋರಿಸಿಕೊಟ್ಟವು. ಅವಧಿಯ ಮಿತಿಯಿದ್ದರೆ ಹಳೆಯ ಕೀಲಿಗಳು ತಾವಾಗಿಯೇ ತೆರೆಮರೆಗೆ ಸರಿಯುತ್ತವೆ.

ತಾಣಗಳ ಪತ್ರಗಳ ಅವಧಿಯಂತೂ ಇನ್ನೂ ಕಿರಿದು. 2020ರ ಸೆಪ್ಟೆಂಬರಿನಿಂದ ಅದಕ್ಕೆ 398 ದಿನಗಳ ಮಿತಿ ಬಂದಿತು. ಪ್ರಮಾಣಪತ್ರ ನೀಡುವವರೂ ಬ್ರೌಸರ್ ತಯಾರಕರೂ ಸೇರಿದ ಒಕ್ಕೂಟವು 2025ರ ಏಪ್ರಿಲಿನಲ್ಲಿ ಮಾಡಿದ ತೀರ್ಮಾನದಂತೆ ಅದು 2026ರ ಮಾರ್ಚಿನಿಂದ 200 ದಿನಗಳಿಗೂ, 2027ರ ಮಾರ್ಚಿನಿಂದ 100 ದಿನಗಳಿಗೂ, 2029ರ ಮಾರ್ಚಿನಿಂದ 47 ದಿನಗಳಿಗೂ ಇಳಿಯತಕ್ಕದ್ದು.

ಹೊಸ ಯಂತ್ರಗಳಿಗೆ ಇದರಿಂದ ತೊಂದರೆಯಿಲ್ಲ. ಹಳೆಯ ಮುದ್ರೆಯ ಅವಧಿ ಮುಗಿಯುವುದಕ್ಕೆ ಬಹು ಮುಂಚೆಯೇ ಹೊಸ ಮುದ್ರೆಯು ಪಟ್ಟಿಗೆ ಬಂದು ಸೇರಿರುತ್ತದೆ. ಆದರೆ ತಯಾರಕರು ಕೈಬಿಟ್ಟ ಯಂತ್ರದ ಪಟ್ಟಿ ಅಂದಿಗೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಅದರಲ್ಲಿರುವ ಹೆಸರುಗಳು ಒಂದೊಂದಾಗಿ ಅವಧಿ ಮೀರುತ್ತವೆ. ಹೊಸ ಹೆಸರುಗಳು ಒಂದೂ ಬರುವುದಿಲ್ಲ. ರಾಜಧಾನಿಯಲ್ಲಿ ಅರಸು ಬದಲಾದ ಸುದ್ದಿಯೇ ಮುಟ್ಟದ ದೂರದ ಊರಿನ ಗೌಡನಂತೆ, ಹಳೆಯ ಬ್ರೌಸರು ಹೊಸ ಮುದ್ರೆಯನ್ನು ಕಂಡು ಕಳ್ಳಮುದ್ರೆಯೆಂದು ಭ್ರಮಿಸುತ್ತದೆ.

2021ರ ಸೆಪ್ಟೆಂಬರ್ 30

ಇದಕ್ಕೆ ದೊಡ್ಡ ನಿದರ್ಶನವೊಂದಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಧರ್ಮಾರ್ಥ ಸೇವೆಯು 2015ರಿಂದ ತಾಣಗಳಿಗೆ ಪ್ರಮಾಣಪತ್ರಗಳನ್ನು ಹಣವಿಲ್ಲದೆ ಕೊಡುತ್ತ ಬಂದಿದೆ; ಲೋಕದ ಕೋಟ್ಯಂತರ ತಾಣಗಳು ಅದನ್ನೇ ನೆಚ್ಚಿಕೊಂಡಿವೆ. ಅದರ ಮೂಲಮುದ್ರೆಯಾದ ಐಎಸ್‌ಆರ್‌ಜಿ ರೂಟ್ ಎಕ್ಸ್1 ಎಂಬುದು ಹುಟ್ಟಿದ್ದು 2015ರ ಜೂನಿನಲ್ಲಿ. ಹೊಸ ಮುದ್ರೆಯು ಎಲ್ಲ ಯಂತ್ರಗಳ ಪಟ್ಟಿಗೂ ಸೇರಲು ಹಲವು ವರ್ಷಗಳೇ ಬೇಕು. ಅಲ್ಲಿಯವರೆಗೆ ಕಾರ್ಯ ನಡೆಯಲೆಂದು, ಎಲ್ಲರ ಪಟ್ಟಿಯಲ್ಲಿಯೂ ಆಗಲೇ ಇದ್ದ ಐಡೆನ್‌ಟ್ರಸ್ಟ್ ಎಂಬ ಸಂಸ್ಥೆಯು ತನ್ನ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಹಳೆಯ ಮುದ್ರೆಯಿಂದ ಹೊಸಬರಿಗೆ ಸಾಕ್ಷಿ ಹಾಕಿಕೊಟ್ಟಿತು. ಹಳೆಯ ಅರಸನು ಹೊಸ ಅರಸನ ಪರವಾಗಿ ಓಲೆ ಬರೆದುಕೊಟ್ಟಂತೆ ಇದು. ಇದಕ್ಕೆ ಅಡ್ಡಸಹಿಯೆಂದು ಹೆಸರಿಡಬಹುದು.

ಆದರೆ ಆ ಹಳೆಯ ಮುದ್ರೆಯು 2000ದ ಸೆಪ್ಟೆಂಬರಿನಲ್ಲಿ ಹುಟ್ಟಿದ್ದು. ಅದರ ಆಯುಸ್ಸು 2021ರ ಸೆಪ್ಟೆಂಬರ್ 30ರಂದು, ಭಾರತದ ಕಾಲಮಾನದಲ್ಲಿ ಸಂಜೆ 7 ಗಂಟೆ 31 ನಿಮಿಷಕ್ಕೆ, ಮುಗಿಯುವುದೆಂದು ಮೊದಲೇ ಬರೆದಿತ್ತು. ಹೊಸ ಮುದ್ರೆಯನ್ನು ಬಲ್ಲವು ಆಂಡ್ರಾಯ್ಡ್ 7.1.1 ಮತ್ತು ಅದಕ್ಕಿಂತ ಈಚಿನ ಫೋನುಗಳು ಮಾತ್ರ. 2020ರ ನವೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟಿನವರೇ ತಿಳಿಸಿದಂತೆ, ಬಳಕೆಯಲ್ಲಿದ್ದ ಆಂಡ್ರಾಯ್ಡ್ ಸಾಧನಗಳ ಪೈಕಿ ಶೇಕಡ 33.8 ಅದಕ್ಕಿಂತ ಹಳೆಯವು. ಮೂರರಲ್ಲೊಂದು ಫೋನು ಅಸಂಖ್ಯ ತಾಣಗಳಿಗೆ ಒಂದೇ ದಿನ ಹೊರಗಾಗುವ ಸಂದರ್ಭವದು.

ಪರಿಹಾರವು ದೊರೆತದ್ದು ಒಂದು ಸೂಕ್ಷ್ಮ ವಿಷಯದಿಂದ. ಪಟ್ಟಿಯಲ್ಲಿರುವ ಮೂಲಮುದ್ರೆಯ ಹೆಸರು ಮತ್ತು ಕೀಲಿ ಇವೆರಡೇ ಮುಖ್ಯ. ಅದರ ಮೇಲೆ ಬರೆದ ದಿನಾಂಕವನ್ನು ನೋಡಲೇಬೇಕೆಂಬ ವಿಧಿಯಿಲ್ಲ. ಕೆಲವು ತಂತ್ರಾಂಶಗಳು ನೋಡುತ್ತವೆ, ಕೆಲವು ನೋಡುವುದಿಲ್ಲ. ಆಂಡ್ರಾಯ್ಡ್ ನೋಡುವುದಿಲ್ಲ. ಆದುದರಿಂದ ಹಳೆಯ ಮುದ್ರೆಯ ಒಡೆಯರು ಅದರ ಅವಧಿಯ ಆಚೆಗೂ, 2024ರ ಸೆಪ್ಟೆಂಬರಿನವರೆಗೆ, ನಡೆಯುವ ಹೊಸ ಅಡ್ಡಸಹಿಯೊಂದನ್ನು ಹಾಕಿಕೊಟ್ಟರು. ಹಳೆಯ ಫೋನುಗಳು ಇನ್ನು ಮೂರು ವರ್ಷ ಬದುಕಿದವು. ಆದರೆ ಇದೇ ಉಪಾಯವು ಬೇರೆ ಕೆಲವರಿಗೆ ಅಪಾಯವಾಯಿತು. ಓಪನ್‌ಎಸ್‌ಎಸ್‌ಎಲ್ 1.0.2 ಎಂಬ ಹಳೆಯ ತಂತ್ರಾಂಶವನ್ನು ಬಳಸುವ ಯಂತ್ರಗಳು ಉದ್ದನೆಯ ಸರಪಣಿಯನ್ನು ಹಿಡಿದು ಹೋಗಿ, ಅದರ ತುದಿಯಲ್ಲಿ ಅವಧಿ ಮೀರಿದ ಮುದ್ರೆಯನ್ನು ಕಂಡು, ತಮ್ಮ ಪಟ್ಟಿಯಲ್ಲಿ ಹೊಸ ಮುದ್ರೆಯಿದ್ದರೂ ಅದನ್ನು ನೋಡದೆ ಸಂಪರ್ಕವನ್ನು ನಿರಾಕರಿಸಿದವು. ಇಂತಹ ಪ್ರಸಂಗ ಇದೊಂದೇ ಅಲ್ಲ. ಫೈರ್‌ಫಾಕ್ಸ್ ಬ್ರೌಸರು ತನ್ನ ಉಪಾಂಗಗಳನ್ನು ಪರೀಕ್ಷಿಸಲು ಬಳಸುತ್ತಿದ್ದ ರೂಟ್ ಪ್ರಮಾಣಪತ್ರವೊಂದು 2025ರ ಮಾರ್ಚ್ 14ರಂದು ಮುಗಿದಾಗ, 128ನೆಯ ಆವೃತ್ತಿಗಿಂತ ಹಳೆಯದನ್ನು ಇಟ್ಟುಕೊಂಡವರೂ ದೀರ್ಘಾವಧಿ ಸಾಲಿನಲ್ಲಿ 115.13ಕ್ಕಿಂತ ಹಿಂದಿನದನ್ನು ಇಟ್ಟುಕೊಂಡವರೂ ತೊಂದರೆಗೆ ಸಿಕ್ಕಿದರು.

ನಂಬಿಕೆಗೆ ಬೀಗವೂ ಬೇಕು

"ಹಾಗಾದರೆ ದಿನಾಂಕವನ್ನು ನೋಡದೆ ಎಲ್ಲವನ್ನೂ ಒಪ್ಪಿದರಾಗದೇ?" ಎಂದು ವಾಚಕರು ಕೇಳಬಹುದು. ಮುದ್ರೆಯು ತಪ್ಪು ಕೈಗೆ ಸಿಕ್ಕರೆ ಏನಾಗುವುದೆಂಬುದಕ್ಕೆ ಭಾರತದ ಅನುಭವವೇ ಉಂಟು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ನಮ್ಮ ದೇಶದಲ್ಲಿ ಪ್ರಮಾಣಪತ್ರ ಸಂಸ್ಥೆಗಳಿಗೆ ಪರವಾನಗಿ ಕೊಡಲು ಒಬ್ಬ ನಿಯಂತ್ರಕರಿದ್ದಾರೆ. ದೇಶದ ಮೂಲಮುದ್ರೆಯೂ ಅವರದೇ. 2014ರ ಜುಲೈಯಲ್ಲಿ, ಆ ಮುದ್ರೆಯ ಕೆಳಗೆ ಅಧಿಕಾರ ಪಡೆದಿದ್ದ ರಾಷ್ಟ್ರೀಯ ಮಾಹಿತಿ ಕೇಂದ್ರದಿಂದ ಗೂಗಲ್ ಮತ್ತು ಯಾಹೂ ತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿರುವುದು ಬೆಳಕಿಗೆ ಬಂದಿತು. ಭಾರತದ ಮೂಲಮುದ್ರೆಯು ವಿಂಡೋಸಿನ ಪಟ್ಟಿಯಲ್ಲಿದ್ದುದರಿಂದ ಆ ಪಟ್ಟಿಯನ್ನು ನಂಬುವ ಬ್ರೌಸರುಗಳೆಲ್ಲ ಮೋಸಹೋಗುವಂತಿದ್ದವು. ತನ್ನದೇ ಪಟ್ಟಿಯುಳ್ಳ ಫೈರ್‌ಫಾಕ್ಸ್ ಮಾತ್ರ ಪಾರಾಯಿತು. ನಿಯಂತ್ರಕರು ಮರುದಿನವೇ ಆ ಕೇಂದ್ರದ ನಡುವಣ ಪತ್ರಗಳನ್ನು ರದ್ದುಪಡಿಸಿದರು. ಕ್ರೋಮ್ ಬ್ರೌಸರು ಆ ಮೂಲಮುದ್ರೆಯನ್ನು ಕೆಲವೇ ಭಾರತೀಯ ಹೆಸರುಗಳಿಗೆ ಮೀಸಲಾಗಿಸಿತು. ಈ ಬಗೆಯ ತಿದ್ದುಪಡಿಯು ಹೆಪ್ಪುಗಟ್ಟಿದ ಪಟ್ಟಿಗೆ ಎಂದಿಗೂ ಮುಟ್ಟುವುದಿಲ್ಲ. ಹಳೆಯ ಬ್ರೌಸರಿನ ಕೊರತೆ ಒಳ್ಳೆಯವರನ್ನು ತಡೆಯುವುದಷ್ಟೇ ಅಲ್ಲ. ಇತರರು ಹೊರಗಟ್ಟಿದ ಕೆಟ್ಟವರನ್ನು ಅದು ಇನ್ನೂ ಮನೆಯೊಳಕ್ಕೆ ಬಿಡುತ್ತಿರಬಹುದು.

ಏನು ಮಾಡಬೇಕು?

ಎಚ್ಚರಿಕೆಯ ಫಲಕವು ಕಾಣಿಸಿಕೊಂಡಾಗ ಕ್ರಮವಾಗಿ ಕೆಲವು ಕೆಲಸಗಳನ್ನು ಮಾಡತಕ್ಕದ್ದು.

ಒಂದನೆಯದು, ಯಂತ್ರದ ದಿನಾಂಕವನ್ನು ನೋಡಿ. ಹಳೆಯ ಗಣಕಗಳಲ್ಲಿ ಗಡಿಯಾರವನ್ನು ನಡೆಸುವ ಪುಟ್ಟ ಬ್ಯಾಟರಿಯೊಂದಿರುತ್ತದೆ. ಅದು ಸತ್ತರೆ ಯಂತ್ರವು ತನ್ನನ್ನು ಹತ್ತಾರು ವರ್ಷ ಹಿಂದಿನ ಕಾಲದಲ್ಲಿದ್ದೇನೆಂದು ಎಣಿಸುತ್ತದೆ. ಆಗ ಎಲ್ಲ ಪತ್ರಗಳೂ "ಇನ್ನೂ ಜಾರಿಗೆ ಬಂದಿಲ್ಲ"ವೆಂದು ಕಾಣುತ್ತವೆ. ತೊಂದರೆಯು ಎಲ್ಲ ತಾಣಗಳಲ್ಲಿಯೂ ಒಟ್ಟಿಗೆ ತೋರಿದರೆ ಮೊದಲು ಗಡಿಯಾರವನ್ನೇ ಸಂಶಯಿಸಬೇಕು.

ಎರಡನೆಯದು, ಅದೇ ತಾಣವನ್ನು ಹೊಸ ಯಂತ್ರವೊಂದರಲ್ಲಿ ತೆರೆದು ನೋಡಿ. ಅಲ್ಲಿಯೂ ಎಚ್ಚರಿಕೆ ಬಂದರೆ ಲೋಪವು ತಾಣದವರದು. ನೀವು ಮಾಡಬಹುದಾದುದು ಅವರಿಗೆ ತಿಳಿಸಿ ಕಾಯುವುದಷ್ಟೇ. ಅಲ್ಲಿ ಸರಿಯಾಗಿ ತೆರೆದರೆ ಲೋಪವು ಬಹುಮಟ್ಟಿಗೆ ನಿಮ್ಮ ಯಂತ್ರದ ಪಟ್ಟಿಯಲ್ಲಿದೆ.

ಮೂರನೆಯದು, ಯಂತ್ರಕ್ಕೆ ದೊರೆಯುವ ಕಡೆಯ ಪರಿಷ್ಕಾರವನ್ನು ಪಡೆದುಕೊಳ್ಳಿ. ಪಟ್ಟಿಯು ಎಲ್ಲಿದೆಯೆಂಬುದನ್ನು ಇಲ್ಲಿ ಗಮನಿಸಬೇಕು. ಹಳೆಯ ಕ್ರೋಮ್ ಬ್ರೌಸರು ಕಾರ್ಯಾಚರಣ ವ್ಯವಸ್ಥೆಯ ಪಟ್ಟಿಯನ್ನೇ ನಂಬುತ್ತಿತ್ತು. 2022ರಿಂದೀಚೆಗೆ ಅದು ಸ್ವಂತ ಪಟ್ಟಿಯನ್ನು ಹೊಂದತೊಡಗಿತು. ಫೈರ್‌ಫಾಕ್ಸಿಗೆ ಮೊದಲಿನಿಂದಲೂ ಸ್ವಂತ ಪಟ್ಟಿಯಿದೆ. ಆದುದರಿಂದ ವ್ಯವಸ್ಥೆಯು ಹಳೆಯದಾದರೂ, ಅದರ ಮೇಲೆ ನಡೆಯುವ ಕಡೆಯ ಫೈರ್‌ಫಾಕ್ಸನ್ನು ಹಾಕಿಕೊಂಡರೆ ಅನೇಕ ವೇಳೆ ತಾಣಗಳು ಮತ್ತೆ ತೆರೆಯುತ್ತವೆ. ವಿಂಡೋಸ್ 7ಕ್ಕೆ ಕ್ರೋಮಿನ 109ನೆಯ ಆವೃತ್ತಿಯೇ ಕಡೆಯದು; ಫೈರ್‌ಫಾಕ್ಸಿನಲ್ಲಿ 115ರ ದೀರ್ಘಾವಧಿ ಸಾಲು. ಆಂಡ್ರಾಯ್ಡಿನಲ್ಲಿ 14ನೆಯ ಆವೃತ್ತಿಗೆ ಹಿಂದೆ, ಪಟ್ಟಿಯನ್ನು ಬದಲಿಸಲು ಇಡೀ ವ್ಯವಸ್ಥೆಯನ್ನೇ ಬದಲಿಸಬೇಕಾಗಿತ್ತು. 2023ರಲ್ಲಿ ಬಂದ ಆ ಆವೃತ್ತಿಯಲ್ಲಿ ಪಟ್ಟಿಯನ್ನು ಮಾತ್ರ ಪ್ರತ್ಯೇಕವಾಗಿ ನವೀಕರಿಸುವ ಅನುಕೂಲವಾಯಿತು.

ನಾಲ್ಕನೆಯದು, ಇವಾವುದೂ ಫಲಿಸದಿದ್ದರೆ ಹೊಸ ಮೂಲಮುದ್ರೆಯನ್ನು ನಾವೇ ಪಟ್ಟಿಗೆ ಸೇರಿಸಬಹುದು. ಇದು ಸಾಧ್ಯವಾದರೂ ಹುಡುಗಾಟದ ಕೆಲಸವಲ್ಲ. ಪಟ್ಟಿಗೆ ಸೇರಿದ ಮುದ್ರೆಯ ಒಡೆಯನು ಯಾವ ತಾಣದ ಹೆಸರಿನಲ್ಲಿ ಬೇಕಾದರೂ ಪತ್ರ ಬರೆಯಬಲ್ಲನು. ಅಪರಿಚಿತನ ಮುದ್ರೆಯನ್ನು ಸೇರಿಸುವುದೆಂದರೆ ಅವನಿಗೆ ಪಟ್ಟಕಟ್ಟಿದಂತೆಯೇ. ಪತ್ರವನ್ನು ಅದನ್ನು ಹೊರಡಿಸಿದ ಸಂಸ್ಥೆಯ ಸ್ವಂತ ತಾಣದಿಂದ, ಸರಿಯಾಗಿ ನಡೆಯುತ್ತಿರುವ ಇನ್ನೊಂದು ಯಂತ್ರದ ಮೂಲಕ ಪಡೆಯಬೇಕು. ಪ್ರತಿಯೊಂದು ಪತ್ರಕ್ಕೂ ಬೆರಳಚ್ಚಿನಂತಹ ಒಂದು ದೀರ್ಘ ಸಂಕೇತವಿರುತ್ತದೆ. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಚಿಹ್ನೆಗಳಷ್ಟು ಉದ್ದ. ಸಂಸ್ಥೆಯು ಪ್ರಕಟಿಸಿದ ಸಂಕೇತವನ್ನೂ ನಮ್ಮ ಕೈಯಲ್ಲಿರುವ ಪತ್ರದ ಸಂಕೇತವನ್ನೂ ಮೊದಲಿನಿಂದ ಕಡೆಯವರೆಗೆ ಹೋಲಿಸಿ, ಒಂದು ಚಿಹ್ನೆಯೂ ತಪ್ಪಿಲ್ಲವೆಂದು ಖಚಿತವಾದ ಮೇಲೆಯೇ ಸೇರಿಸಬೇಕು. ಆಂಡ್ರಾಯ್ಡ್ 7ರಿಂದೀಚೆಗೆ ಹೀಗೆ ಸೇರಿಸಿದ ಮುದ್ರೆಯನ್ನು ಬಹುಪಾಲು ಆ್ಯಪ್‌ಗಳು ಮನ್ನಿಸುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಎಷ್ಟೋ ಸಲ ಮುದ್ರೆಯನ್ನು ಸೇರಿಸಿದರೂ ತಾಣವು ತೆರೆಯದಿರಬಹುದು. ಏಕೆಂದರೆ ತೀರ ಹಳೆಯ ಬ್ರೌಸರಿಗೆ ಇಂದಿನ ಗೂಢಲಿಪಿಯ ಭಾಷೆಯೇ ಬಾರದು. ವಿಂಡೋಸ್ ಎಕ್ಸ್‌ಪಿಗೆ ಮೂರನೆಯ ಪರಿಷ್ಕಾರವಿಲ್ಲದಿದ್ದರೆ ಎಸ್‌ಎಚ್‌ಎ-256 ಸಹಿಯನ್ನು ಓದಲೇ ಬಾರದು. ಅಂತಹ ಯಂತ್ರಕ್ಕೆ ಹಗುರವಾದ ಲಿನಕ್ಸ್ ವ್ಯವಸ್ಥೆಯೊಂದನ್ನು ಹಾಕಿ ಮರುಜೀವ ಕೊಡುವುದು ಮೇಲು.

ಮಾಡಬಾರದ ಎರಡು ಉಪಾಯಗಳನ್ನೂ ಹೇಳಬೇಕು. ಕೆಲವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಸತ್ತ ಮುದ್ರೆಯನ್ನು ಬದುಕಿಸಲು ನೋಡುತ್ತಾರೆ. ಯಂತ್ರವನ್ನು 2021ಕ್ಕೆ ಕೊಂಡೊಯ್ದರೆ ಹಳೆಯ ಮೂಲಮುದ್ರೆಯೇನೋ ಬದುಕಿದಂತೆ ತೋರೀತು. ಆದರೆ ಈ ತಿಂಗಳು ಬರೆದ ತಾಣದ ಪತ್ರವು ಆಗಿನ್ನೂ ಹುಟ್ಟಿರುವುದಿಲ್ಲ! ಇನ್ನು ಕೆಲವರು, "ಅಪಾಯವಿದ್ದರೂ ಮುಂದುವರಿ" ಎಂಬ ಗುಂಡಿಯನ್ನು ಒತ್ತುವುದನ್ನೇ ಅಭ್ಯಾಸಮಾಡಿಕೊಳ್ಳುತ್ತಾರೆ. ಸುದ್ದಿಯನ್ನೋ ಪಾಠವನ್ನೋ ಓದುವುದಕ್ಕೆ ಇದರಿಂದ ನಷ್ಟವು ಅಲ್ಪವಾಗಿರಬಹುದು. ಆದರೆ ಗುಪ್ತಪದ, ಬ್ಯಾಂಕಿನ ಲೆಕ್ಕ, ಆಧಾರ್ ಸಂಖ್ಯೆ ಇವುಗಳನ್ನು ಬರೆಯಬೇಕಾದ ಕಡೆ ಹೀಗೆ ಮುಂದುವರಿದರೆ, ನಡುವೆ ನಿಂತು ಕದಿಯುವವನು ಯಾರೆಂಬುದು ತಿಳಿಯುವುದೇ ಇಲ್ಲ. ಅರ್ಜಿಗೆ ಕಡೆಯ ದಿನ ಬಂದಿದ್ದರೆ, ಗೆಳತಿಯ ಫೋನನ್ನೋ ಕಾಲೇಜಿನ ಗಣಕವನ್ನೋ ಅರ್ಧ ಗಂಟೆ ಕೇಳಿ ಪಡೆಯುವುದು ಈ ಗುಂಡಿಯನ್ನು ಒತ್ತುವುದಕ್ಕಿಂತ ಲೇಸು.

ಭಾರವು ಯಾರ ಮೇಲೆ?

ಹಳೆಯ ಯಂತ್ರದ ಪರದೆ, ಕೀಲಿಮಣೆ, ಸಂಸ್ಕಾರಕಗಳು ಗಟ್ಟಿಯಾಗಿಯೇ ಇರುವಾಗ, ಕೆಲವು ಸಾವಿರ ಅಕ್ಷರಗಳಷ್ಟು ಪುಟ್ಟದಾದ ಒಂದು ಪತ್ರದ ಅಭಾವದಿಂದ ಅದು ನಿರುಪಯೋಗಿಯಾಗುವುದು ವಿಪರ್ಯಾಸವೇ ಸರಿ. ಹೊಸದನ್ನು ಕೊಳ್ಳಬಲ್ಲವನಿಗೆ ಇದು ಕಿರಿಕಿರಿ. ಕೊಳ್ಳಲಾರದವನಿಗೆ ಇದೇ ಮುಚ್ಚಿದ ಬಾಗಿಲು. ಯಂತ್ರ ತಯಾರಕರು ಮಾರಿದ ಮೇಲೆಯೂ ಬಹುಕಾಲ ಪಟ್ಟಿಯನ್ನು ನವೀಕರಿಸುವುದು, ಸಾರ್ವಜನಿಕ ಸೇವೆಯ ತಾಣಗಳನ್ನು ನಡೆಸುವವರು ತಮ್ಮ ಮುದ್ರೆಯನ್ನು ಬದಲಿಸುವ ಮುನ್ನ ಹಳೆಯ ಸಾಧನಗಳಲ್ಲಿ ಪರೀಕ್ಷಿಸುವುದು, ಶಾಲಾ ಕಾಲೇಜುಗಳು ತಮ್ಮ ಗಣಕಗಳನ್ನು ಕಾಲಕಾಲಕ್ಕೆ ನವೀಕರಿಸುವುದು, ಇವು ಮೂರೂ ನಡೆದರೆ ಭಾರವು ಬಹುಪಾಲು ಇಳಿಯುತ್ತದೆ.

ಮುಂದಿನ ದಿನಾಂಕಗಳು ಈಗಲೇ ಬರೆದಿವೆ. ಐಎಸ್‌ಆರ್‌ಜಿ ರೂಟ್ ಎಕ್ಸ್1 ಮುದ್ರೆಯ ಅವಧಿಯು 2035ರ ಜೂನ್ 4ರಂದು ಮುಗಿಯುತ್ತದೆ. ಬೆಂಗಳೂರಿನಲ್ಲಿಯೇ ಕೇಂದ್ರ ಕಚೇರಿಯುಳ್ಳ ಇಮುದ್ರ ಸಂಸ್ಥೆಯ ಎಂಸೈನ್ ರೂಟ್ ಸಿಎ ಜಿ1 ಎಂಬ ಮುದ್ರೆಯು 2018ರ ಫೆಬ್ರವರಿಯಲ್ಲಿ ಹುಟ್ಟಿತು. 2043ರ ಫೆಬ್ರವರಿ 18ರಂದು ಗ್ರೀನಿಚ್ ಕಾಲಮಾನದ 18 ಗಂಟೆ 30 ನಿಮಿಷಕ್ಕೆ, ಎಂದರೆ ನಮ್ಮ ಗಡಿಯಾರದಲ್ಲಿ ಸರಿಯಾಗಿ ನಡುರಾತ್ರಿಗೆ, ಅದರ ಅವಧಿ ತೀರುತ್ತದೆ. ಇಂದು ಕಾಲೇಜಿನಲ್ಲಿರುವ ವಾಚಕರಲ್ಲಿ ಕೆಲವರಾದರೂ ಆ ವೇಳೆಗೆ ಇಂತಹ ಪಟ್ಟಿಗಳನ್ನು ಸಿದ್ಧಪಡಿಸುವ, ತಾಣಗಳನ್ನು ನಡೆಸುವ ಕೆಲಸದಲ್ಲಿರುತ್ತಾರೆ. ಇಂದಿನ ಹೊಸ ಫೋನುಗಳೆಲ್ಲ ಅಂದಿಗೆ ಹಳೆಯವಾಗಿ ಮತ್ತಾರದೋ ಕೈ ಸೇರಿರುತ್ತವೆ. ಅವುಗಳನ್ನು ಹಿಡಿದವರಿಗೆ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದು ಆಗ ಅವರ ಕೈಯಲ್ಲಿದೆ.